ಎಣ್ಣೆ ಬದಲಿಸುವಾಗ ಹಳ್ಳವೂ ನೆನಪಿರಲಿ

ಮಲೆನಾಡಿನ ಅಂಗಳಗಳಲ್ಲಿ ಕಾರು, ಜೀಪುಗಳು ಈಗ ಅಪರೂಪವಲ್ಲ. ಬಸ್ಸು ಕಾಣದ ಊರುಗಳಿಗೆ ಅವು ಅನಿವಾರ್ಯವೂ ಹೌದು. ವಾಹನವೇ ಬೇಡವೆಂದು ಬೋಧಿಸುವುದಕ್ಕಿಂತ, ಇರುವ ವಾಹನವನ್ನು ವಿವೇಕದಿಂದ ನೋಡಿಕೊಳ್ಳುವ ಬಗೆಯನ್ನು ಯೋಚಿಸುವುದು ಲೇಸು.

ಎಂಜಿನ್ ಎಣ್ಣೆಯನ್ನು ಯಾವಾಗ ಬದಲಿಸಬೇಕು? ಐದು ಸಾವಿರ ಕಿಲೋಮೀಟರಿಗೊಮ್ಮೆ ಎಂಬುದು ಹಳೆಯ ಎಂಜಿನ್, ಹಳೆಯ ಎಣ್ಣೆಗಳ ಕಾಲದ ರೂಢಿ. ಇಂದಿನ ಅನೇಕ ಕಾರುಗಳ ಕೈಪಿಡಿಗಳು 10,000 ಕಿ.ಮೀ. ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅದನ್ನು ಸೂಚಿಸುತ್ತವೆ. ಆದರೆ ‘ಕಠಿಣ ಬಳಕೆ’ಗೆ ಅವಧಿಯನ್ನು ಕಡಿಮೆ ಮಾಡಬೇಕೆಂಬ ಸೂಚನೆಯೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಧೂಳು, ಭಾರ, ಕಡಿದಾದ ಏರು, ಎಂಜಿನ್ ಪೂರ್ಣ ಬಿಸಿಯಾಗುವ ಮೊದಲೇ ಮುಗಿಯುವ ಕಿರುಪ್ರಯಾಣ ಇವೆಲ್ಲ ಕಠಿಣ ಬಳಕೆಯೇ. ನಮ್ಮ ಘಟ್ಟದ ನಿತ್ಯಜೀವನದ ವರ್ಣನೆಯಲ್ಲವೇ ಇದು?

ಇದಕ್ಕೆ ಕಾರಣವೂ ಸರಳ. ಇಂಧನ ಉರಿದಾಗ ಹುಟ್ಟುವ ನೀರಾವಿಯು ತಣ್ಣಗಿನ ಎಂಜಿನಿನಲ್ಲಿ ಎಣ್ಣೆಗೆ ಬೆರೆಯುತ್ತದೆ. ದೀರ್ಘ ಓಟದ ಬಿಸಿಗೆ ಅದು ಆರಿಹೋಗುತ್ತದೆ. ಪಕ್ಕದ ಡೇರಿಗಷ್ಟೇ ಹೋಗಿಬರುವ ಕಾರಿನಲ್ಲಿ ಅಲ್ಲಿಯೇ ಉಳಿದು ಆಮ್ಲಕ್ಕೂ ಜಿಡ್ಡುಗೆಸರಿಗೂ ಎಡೆಮಾಡಿಕೊಡುತ್ತದೆ. ಆದ್ದರಿಂದ ಕಡಿಮೆ ಓಡಿದ ಕಾರಿಗೂ ವರ್ಷದ ಮಿತಿ ಅನ್ವಯಿಸುತ್ತದೆ. ಕೇವಲ ಬಣ್ಣ ನೋಡಿ ತೀರ್ಮಾನಿಸುವುದೂ ತಪ್ಪು. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಎಣ್ಣೆಯ ಕೆಲಸ. ಡೀಸೆಲ್ ಎಂಜಿನಿನಲ್ಲಿ ಹೊಸ ಎಣ್ಣೆ ಬಹುಬೇಗ ಕಪ್ಪಾಗುತ್ತದೆ.

ಎಣ್ಣೆಯೊಡನೆ ಅದರ ಫಿಲ್ಟರನ್ನೂ ಬದಲಿಸುವುದು ಒಳ್ಳೆಯದು. ಏರ್ ಫಿಲ್ಟರನ್ನು ಬೇಸಿಗೆಯ ಮಣ್ಣುರಸ್ತೆಯ ಓಡಾಟದಲ್ಲಿ ಆಗಾಗ ತೆರೆದು ನೋಡಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಅದು ಹರಿದರೆ ಧೂಳು ನೇರವಾಗಿ ಎಂಜಿನಿಗೆ ಸೇರಿ ಸಿಲಿಂಡರನ್ನು ಸವೆಸುತ್ತದೆ.

ತಡಮಾಡಿದರೆ ಎಂಜಿನಿಗೆ ಹಾನಿ. ಹಾಗೆಂದು ಅಗತ್ಯಕ್ಕೆ ಮೊದಲೇ ಬದಲಿಸುವುದು ಮಣ್ಣು ಪರೀಕ್ಷಿಸದೆ ಗೊಬ್ಬರ ಸುರಿದಂತೆ. ಹಣವೂ ನಷ್ಟ, ಪರಿಸರಕ್ಕೂ ಹೊರೆ. ಸಣ್ಣ ಕಾರೊಂದರಿಂದ ಪ್ರತಿಸಲವೂ ಮೂರ್ನಾಲ್ಕು ಲೀಟರ್ ವೇಸ್ಟ್ ಆಯಿಲ್ ಹೊರಬರುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ಗೆದ್ದಲು ಬಾರದಂತೆ ಬೇಲಿಗೂಟಕ್ಕೆ ಬಳಿಯುವುದು, ಗ್ಯಾರೇಜಿನ ಹಿಂದಿನ ಚರಂಡಿಗೆ ಚೆಲ್ಲುವುದು ನಮ್ಮಲ್ಲಿ ಹೊಸತಲ್ಲ. ಎಂಜಿನಿನಲ್ಲಿ ಸವೆದ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ರಾಸಾಯನಿಕಗಳೂ ಆ ಎಣ್ಣೆಯಲ್ಲಿವೆ. ಒಂದು ಸಲ ಬದಲಿಸಿದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ನಮ್ಮ ಮುಂಗಾರಿನ ಮಳೆಗೆ ಅಂಗಳದ ಎಣ್ಣೆ ಹಳ್ಳ ಸೇರಲು ಎಷ್ಟು ಹೊತ್ತು ಬೇಕು? ಆ ಹಳ್ಳಗಳೇ ತುಂಗೆ, ಭದ್ರೆ, ಶರಾವತಿಯರ ಮೂಲ.

ಬಳಸಿದ ಎಣ್ಣೆಯನ್ನು ಕಾನೂನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತದೆ. 2023ರಲ್ಲಿ ತಿದ್ದುಪಡಿಯಾದ ನಿಯಮಗಳು ಅದರ ಮರುಸಂಸ್ಕರಣೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಿವೆ. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಆದರೆ ಘಟ್ಟದ ಮೇಲಿನ ಸಣ್ಣ ಗ್ಯಾರೇಜಿನ ಬಾಗಿಲಿಗೆ ಕಾನೂನು ತಾನಾಗಿ ನಡೆದುಬರುವುದಿಲ್ಲ. ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿ, ಅಧಿಕೃತ ಸಂಗ್ರಾಹಕರನ್ನು ಕರೆಸುವಂತೆ ಪಂಚಾಯಿತಿಯನ್ನು ಒತ್ತಾಯಿಸಬೇಕು. ವಿದ್ಯಾರ್ಥಿಗಳು ತಮ್ಮೂರಿನ ಗ್ಯಾರೇಜುಗಳಲ್ಲಿ ತಿಂಗಳಿಗೆಷ್ಟು ಎಣ್ಣೆ ಹೊರಬೀಳುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಲೆಕ್ಕಹಾಕಲಿ. ವಾಹನ ಇಟ್ಟುಕೊಂಡವರು ಮುಂದಿನ ಸಲ ಮೆಕ್ಯಾನಿಕ್‌ನನ್ನು ‘ಎಷ್ಟಾಯಿತು?’ ಎಂದು ಕೇಳುವಾಗ ‘ಹಳೆಯ ಎಣ್ಣೆ ಎಲ್ಲಿ ಹಾಕಿದಿರಿ?’ ಎಂದೂ ಕೇಳಲಿ.