ಗೃಹಸ್ಥರ ಮೋಟಾರು: ದರ್ಜೆಗೆ ಗಂಟುಬಿದ್ದ ಎಂಜಿನು

ಮೋಟಾರು ಕಾರನ್ನು ಕೊಳ್ಳಲು ಹೊರಟ ಗೃಹಸ್ಥರು ಮೊದಲು ಬೆಲೆಯನ್ನು ವಿಚಾರಿಸುವರು. ಅನಂತರ ಮನೆಯವರೊಡನೆ ಕುಳಿತು ಬಣ್ಣವನ್ನು ನಿಶ್ಚಯಿಸುವರು. ಎಂಜಿನಿನ ಮಾತು ಬರುವುದು ಬಹುಮಟ್ಟಿಗೆ ಮುಂಗಡವನ್ನು ಕೊಟ್ಟ ಮೇಲೆಯೇ. ಇದಕ್ಕಾಗಿ ಅವರನ್ನು ದೂಷಿಸುವಂತಿಲ್ಲ. ಮಾರತಕ್ಕವರು ಒಂದೇ ಹೆಸರಿನ ಸಣ್ಣ ಕಾರನ್ನು ಐದಾರು ದರ್ಜೆಗಳಾಗಿ ವಿಂಗಡಿಸಿ, ಇಂಥ ದರ್ಜೆಗೆ ಇಂಥ ಎಂಜಿನೆಂದು ತಾವೇ ಗಂಟುಹಾಕಿ ಇಟ್ಟಿರುವುದರಿಂದ, ದರ್ಜೆಯನ್ನು ಆರಿಸಿದವರು ತಮಗರಿಯದಂತೆಯೇ ಎಂಜಿನನ್ನೂ ಆರಿಸಿಬಿಟ್ಟಿರುವರು. ಹತ್ತು ವರ್ಷ ಮನೆಯಲ್ಲಿ ಉಳಿಯತಕ್ಕ ವಸ್ತುವಾದುದರಿಂದ ಈ ಗಂಟನ್ನು ಒಮ್ಮೆ ಬಿಚ್ಚಿ ನೋಡುವುದು ಲೇಸೆಂದು ನಮಗೆ ತೋರಿದೆ.

ಮಾರುತಿ ಸುಝುಕಿ ಕಂಪೆನಿಯವರು 2023ನೆಯ ಇಸವಿ ಏಪ್ರಿಲಿನಲ್ಲಿ ಮಾರಾಟಕ್ಕೆ ತಂದ ಫ್ರಾಂಕ್ಸ್ ಎಂಬ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಗ ಅದಕ್ಕೆ ಸಿಗ್ಮಾ, ಡೆಲ್ಟಾ, ಡೆಲ್ಟಾ ಪ್ಲಸ್, ಝೀಟಾ, ಆಲ್ಫಾ ಎಂದು ಐದು ದರ್ಜೆಗಳಿದ್ದುವು, ಎಂಜಿನುಗಳು ಎರಡು. 1197 ಸಿ.ಸಿ.ಯ ನಾಲ್ಕು ಸಿಲಿಂಡರಿನದು ಒಂದು, 998 ಸಿ.ಸಿ.ಯ ಮೂರು ಸಿಲಿಂಡರಿನ ಟರ್ಬೊ ಇನ್ನೊಂದು. ಕೆಳಗಿನ ಎರಡು ದರ್ಜೆಗಳಿಗೆ ಮೊದಲನೆಯದು ಮಾತ್ರ. ಮೇಲಿನ ಎರಡಕ್ಕೆ ಟರ್ಬೊ ಮಾತ್ರ. ನಡುವಣ ಡೆಲ್ಟಾ ಪ್ಲಸ್ ಒಂದರಲ್ಲಿಯೇ ಎರಡೂ ದೊರೆಯುತ್ತಿದ್ದುವು.

ಚಿಕ್ಕ ಎಂಜಿನಿಗೆ ಹೆಚ್ಚು ಬೆಲೆಯೇಕೆ ಎಂದು ವಾಚಕರು ಕೇಳಬಹುದು. ಟರ್ಬೊ ಎಂಬುದು ಹೊರಬೀಳುವ ಹೊಗೆಯ ವೇಗದಿಂದಲೇ ತಿರುಗುವ ಒಂದು ಸಣ್ಣ ಚಕ್ರ. ಅದು ಗಾಳಿಯನ್ನು ಒತ್ತಿ ಸಿಲಿಂಡರಿನೊಳಕ್ಕೆ ತುಂಬುವುದರಿಂದ, ಗಾತ್ರದಲ್ಲಿ ಕಿರಿದಾದ ಎಂಜಿನು ತನಗಿಂತ ಹಿರಿಯದರ ಕೆಲಸವನ್ನು ಮಾಡುವುದು. ಗಾತ್ರವನ್ನು ಹಿಗ್ಗಿಸಲು ಕಂಪೆನಿಗಳು ಹಿಂಜರಿಯುವುದಕ್ಕೆ ತೆರಿಗೆಯೂ ಕಾರಣ. ಉದ್ದ ನಾಲ್ಕು ಮೀಟರನ್ನೂ ಪೆಟ್ರೋಲು ಎಂಜಿನು 1200 ಸಿ.ಸಿ.ಯನ್ನೂ ಮೀರದ ಕಾರುಗಳಿಗೆ 2006ರ ಕೇಂದ್ರ ಮುಂಗಡಪತ್ರದಲ್ಲಿ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಲಾಯಿತು. ಆ ಗೆರೆಯು ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರದಲ್ಲಿಯೂ ಗೆರೆಯೊಳಗಿನವಕ್ಕೆ 18, ಹೊರಗಿನವಕ್ಕೆ 40 ಎಂದಾಯಿತು. ಫ್ರಾಂಕ್ಸಿನ ಉದ್ದ 3995 ಮಿಲಿಮೀಟರು ಎಂಬುದನ್ನು ನೋಡಿದರೆ, ಅಳತೆಪಟ್ಟಿಯನ್ನು ಹಿಡಿದವರು ಯಂತ್ರಶಿಲ್ಪಿಗಳೋ ಕರಣಿಕರೋ ಎಂಬ ಸಂದೇಹವು ಬರದಿರದು.

ಡೆಲ್ಟಾ ಪ್ಲಸ್ ದರ್ಜೆಗೆ ಸಾಧಾರಣ ಎಂಜಿನಿನೊಡನೆ ಆರಂಭದ ಶೋರೂಮ್ ಬೆಲೆ 8,72,500 ರೂಪಾಯಿ. ಟರ್ಬೊ ಸಹಿತ 9,72,500. ಉಳಿದ ದರ್ಜೆಗಳಲ್ಲಿ ಎಂಜಿನಿನ ಬೆಲೆಯು ಕ್ಯಾಮೆರಾ, ಚಕ್ರ, ಪರದೆಗಳ ಬೆಲೆಯೊಡನೆ ಬೆರೆತುಹೋಗಿರುವುದು. ಇಲ್ಲಿ ಮಾತ್ರ ಬಹುಮಟ್ಟಿಗೆ ಬೇರೆಯಾಗಿ ಕಾಣುವುದು. ಈ ಒಂದು ಲಕ್ಷಕ್ಕೆ ದೊರೆತುದೇನು? ಪೆಟ್ರೋಲಿನ ಉಳಿತಾಯವಂತೂ ಅಲ್ಲ. ಕೈಗೇರಿನ ಗಾಡಿಗಳಲ್ಲಿ ಸಾಧಾರಣದ್ದಕ್ಕೆ ಲೀಟರಿಗೆ 21.79 ಕಿಲೋಮೀಟರು, ಟರ್ಬೊಗೆ 21.5 ಎಂದು ಕಂಪೆನಿಯವರ ಲೆಕ್ಕವೇ ಹೇಳುವುದು. ಅಶ್ವಶಕ್ತಿಯೂ ಒಂದಕ್ಕೆ ಸುಮಾರು 90, ಇನ್ನೊಂದಕ್ಕೆ 100. ಇದು ದೊಡ್ಡ ಅಂತರವಲ್ಲ. ನಿಜವಾದ ಭೇದವಿರುವುದು ಎಳೆಯುವ ಬಲದಲ್ಲಿ. ಸಾಧಾರಣ ಎಂಜಿನಿನ ಪೂರ್ಣಬಲ 113 ನ್ಯೂಟನ್-ಮೀಟರು. ಅದೂ ನಿಮಿಷಕ್ಕೆ 4400 ಸುತ್ತು ತಿರುಗಿದಾಗ. ಟರ್ಬೊದ್ದು 147.6, ಅದು 2000 ಸುತ್ತಿನಲ್ಲಿಯೇ ಕೈಗೆ ಬರುವುದು. ಐವರು ಕುಳಿತು, ಹಿಂದೆ ಸಾಮಾನು ತುಂಬಿ, ಚಾರ್ಮಾಡಿ ಘಟ್ಟದ ತಿರುವಿನಲ್ಲಿ ಲಾರಿಯೊಂದರ ಹಿಂದೆ ನಿಧಾನವಾಗಿ ಏರುವಾಗ ಮೊದಲನೆಯದು ಗೇರನ್ನು ಇಳಿಸಿ ಗರ್ಜಿಸಬೇಕು; ಎರಡನೆಯದು ಸುಮ್ಮನೆ ಏರುವುದು. ತಿಂಗಳಿಗೆ ಎರಡು ಸಲ ಘಟ್ಟವನ್ನು ಹತ್ತಿಳಿಯುವ ಮನೆಯವರಿಗೆ ಆ ಲಕ್ಷವು ದಂಡವಲ್ಲ. ಶಾಲೆ, ಕಚೇರಿ, ತರಕಾರಿ ಪೇಟೆ ಇಷ್ಟರಲ್ಲಿಯೇ ಸುತ್ತುವವರಿಗೆ ಅದು ಪೆಟ್ಟಿಗೆಯಲ್ಲಿಟ್ಟ ರೇಶಿಮೆ ಪಂಚೆ. ಮೇಲಾಗಿ ಟರ್ಬೊಗೆ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸದ ಉದಾಸೀನವು ಒಗ್ಗುವುದಿಲ್ಲ.

ನಮಗೆ ಸರಿತೋರದ ಸಂಗತಿಯೊಂದುಂಟು. ಆರಂಭದಲ್ಲಿ ಕೆಳದರ್ಜೆಗಳಲ್ಲಿ ಇದ್ದುವು ಎರಡೇ ಏರ್‌ಬ್ಯಾಗುಗಳು. ಆರು ಬೇಕೆಂದರೆ ಮೇಲಕ್ಕೆ ಏರಬೇಕು, ಏರಿದರೆ ಬೇಡದ ಟರ್ಬೊವನ್ನೂ ಕೊಳ್ಳಬೇಕು. ನಿಧಾನವಾಗಿ ಗಾಡಿ ನಡೆಸುವವನ ಮಕ್ಕಳ ಪ್ರಾಣಕ್ಕೆ ಬೆಲೆ ಕಡಮೆಯೇ? 2025ರ ಜುಲೈಯಲ್ಲಿ ಎಲ್ಲ ದರ್ಜೆಗಳಿಗೂ ಆರನ್ನು ಕೊಟ್ಟು ಕಂಪೆನಿಯವರು ಈ ನ್ಯೂನತೆಯನ್ನು ತಿದ್ದಿದುದು ಸಂತೋಷದ ವಿಷಯ. ಬೇರೆ ಕಾರುಗಳನ್ನು ನೋಡುವವರು ಈ ಒಂದು ಸಾಲನ್ನು ಪಟ್ಟಿಯಲ್ಲಿ ಮೊದಲು ಹುಡುಕಬೇಕು.

ಸಿ.ಎನ್.ಜಿ. ಗಾಡಿಯು 2023ರ ಜುಲೈಯಲ್ಲಿ ಸಿಗ್ಮಾ, ಡೆಲ್ಟಾ ದರ್ಜೆಗಳಿಗೆ ಬಂದಿತು. ಹೆಚ್ಚಿನ ಬೆಲೆ 95,000 ರೂಪಾಯಿ, ಓಟ ಕಿಲೋವಿಗೆ 28.51 ಕಿಲೋಮೀಟರು. ಪೆಟ್ರೋಲು ಲೀಟರಿಗೆ 100, ಅನಿಲವು ಕಿಲೋವಿಗೆ 85 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ ಉಳಿಯುವುದು ಒಂದು ರೂಪಾಯಿ ಅರುವತ್ತು ಪೈಸೆ. ಹೂಡಿದ ಹಣವು ಹಿಂದಿರುಗಲು ಸುಮಾರು 59,000 ಕಿಲೋಮೀಟರು ಓಡಬೇಕು. ತಿಂಗಳಿಗೆ 1500 ಕಿಲೋಮೀಟರು ಓಡಿಸುವವರಿಗೆ ಇದು ಮೂರೂಕಾಲು ವರ್ಷದ ಮಾತು. 500 ಓಡಿಸುವವರಿಗೆ ಹತ್ತು ವರ್ಷದ್ದು. ಅನಿಲದಲ್ಲಿ ಬಲವು 98.5 ನ್ಯೂಟನ್-ಮೀಟರಿಗೆ ಇಳಿಯುವುದು. ಸಾಮಾನಿಡುವ ಡಿಕ್ಕಿಯ ಬಹುಭಾಗವನ್ನು ಸಿಲಿಂಡರು ನುಂಗುವುದು.

ತಾನೇ ಬದಲಾಗುವ ಗೇರಿನಲ್ಲಿಯೂ ಎರಡು ಬಗೆ. ಸಾಧಾರಣ ಎಂಜಿನಿನೊಡನೆ 55,000 ರೂಪಾಯಿಗೆ ಬರುತ್ತಿದ್ದುದು ಕೈಗೇರನ್ನೇ ಯಂತ್ರದ ಕೈಯಿಂದ ಹಾಕಿಸುವ ಏರ್ಪಾಡು. ನಡುವೆ ಸ್ವಲ್ಪ ತೂಗಾಟವುಂಟು. ಟರ್ಬೊದೊಡನೆ ಒಂದೂವರೆ ಲಕ್ಷಕ್ಕೆ ಬರುತ್ತಿದ್ದುದು ಆರು ಗೇರಿನ ನಯವಾದ ಪೆಟ್ಟಿಗೆ. ಮಂಡಿನೋವಿನ ಹಿರಿಯರು ನಡೆಸುವ ಮನೆಗೆ ಮೊದಲನೆಯದೇ ಸಾಕೆಂದು ನಮ್ಮ ಅಭಿಪ್ರಾಯ.

ಶೋರೂಮಿನವರು ಪರೀಕ್ಷೆಗೆ ಗಾಡಿಯನ್ನು ಕೊಟ್ಟಾಗ ಒಬ್ಬರೇ ಹತ್ತಿ ಸಮತಟ್ಟಾದ ರಸ್ತೆಯಲ್ಲಿ ಸುತ್ತಿ ಬರಬೇಡಿರಿ. ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಏ.ಸಿ. ಹಾಕಿ, ಊರಿನಲ್ಲಿರುವ ಅತ್ಯಂತ ಕಡಿದಾದ ಏರಿನ ನಡುವೆ ಗಾಡಿಯನ್ನು ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿರಿ.