ಹಳೆಯ ತುಪಾಕಿಯೂ ಗುಂಡಿನ ಅಳತೆಯೂ

ಕಳೆದ ತಿಂಗಳು ಅಮೆರಿಕದ ಕೊಲರಾಡೊ ರಾಜ್ಯದಿಂದ ನನ್ನ ಹಳೆಯ ಶಿಷ್ಯನೊಬ್ಬನ ಕಾಗದ ಬಂದಿತು. ಅವನ ಹುಟ್ಟೂರು ನಮ್ಮ ಸ್ಕಂದಗಿರಿಯ ತಪ್ಪಲಿನಲ್ಲಿರುವ ಒಂದು ಹಳ್ಳಿ. ಈ ಬೆಟ್ಟವನ್ನು ಊರವರು ಕಳವಾರ ಬೆಟ್ಟವೆಂದೇ ಕರೆಯುವುದು ರೂಢಿ. ಈಗ ಸೂರ್ಯೋದಯವನ್ನು ನೋಡಲು ಬೆಂಗಳೂರಿನ ತರುಣರು ಬಂದು ಹತ್ತುತ್ತಾರೆ. ಶಿಷ್ಯನು ಬರೆದುದರ ಸಾರಾಂಶವಿಷ್ಟು:

"ಮೇಷ್ಟ್ರೆ, ಇಲ್ಲಿ ಬಾಯಿಯ ಕಡೆಯಿಂದ ಮದ್ದು ತುಂಬುವ ಹಳೆಯ ರೀತಿಯ ಕೋವಿಗಳಿಗೆಂದೇ ಸೆಪ್ಟೆಂಬರಿನಲ್ಲಿ ಬೇಟೆಯ ಕಾಲವನ್ನು ಬೇರೆಯಾಗಿ ಗೊತ್ತುಮಾಡಿದ್ದಾರೆ. ನಾನೂ ಅಂಥದೊಂದು ರೈಫಲನ್ನು ಕೊಳ್ಳಬೇಕೆಂದಿದ್ದೇನೆ. ಜಿಂಕೆಗೆ 40ರ ಅಳತೆ ಸಾಕು, ಭುಜಕ್ಕೆ ಒದೆತವೂ ಕಡಮೆ ಎಂದು ಸ್ನೇಹಿತರು ಹೇಳುತ್ತಾರೆ. ತಾವೇನು ಹೇಳುತ್ತೀರಿ? ಅಟ್ಟದ ಮೇಲಿರುವ ನಮ್ಮ ತಾತನ ಟಿಪ್ಪು ಕಾಲದ ತುಪಾಕಿಯನ್ನು ಇಲ್ಲಿಗೆ ತರಿಸಿಕೊಳ್ಳಬಹುದೆ?"

ವಾಚಕರು ನಕ್ಕಾರು. ನಾನು ಮಾಂಸಾಹಾರಿಯಲ್ಲ; ಜನ್ಮದಲ್ಲಿ ಕೋವಿಯನ್ನು ಹೆಗಲಿಗೇರಿಸಿದವನೂ ಅಲ್ಲ. ಮೂವತ್ತು ವರ್ಷ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದವನಿಗೆ ಈ ಪ್ರಶ್ನೆಯೆ? ಆದರೂ ಉತ್ತರಿಸುವ ಹೊಣೆ ನನ್ನದೆಂದು ತೋರಿತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಟಿಪ್ಪುವಿನ ಮಾತು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಪಕ್ಕದ ನಂದಿದುರ್ಗವನ್ನು ಹಿಡಿದ ಮೇಲೆ, ಈ ಸೀಮೆಯಲ್ಲಿ ತುಕ್ಕು ಹಿಡಿದ ಕಬ್ಬಿಣವೆಲ್ಲ ಟಿಪ್ಪುವಿನದೇ ಆಗಿಬಿಟ್ಟಿದೆ! ಆ ತುಪಾಕಿಯನ್ನು ನಾನು ಬಲ್ಲೆ. ಅದು ಕೇಪು ಹೊಡೆಯುವ ಕೋವಿ. ಬಡಿದರೆ ತಾನೇ ಸಿಡಿಯುವ ಮದ್ದನ್ನು ಕೋವಿಗೆ ಅಳವಡಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಫಾರ್ಸೈತ್ ಎಂಬ ಪಾದ್ರಿ ಹಕ್ಕುಪತ್ರ ಪಡೆದುದು 1807ರಲ್ಲಿ. ತಾಮ್ರದ ಕೇಪು ಬಂದುದು ಅದಕ್ಕೂ ಈಚೆಗೆ. ಟಿಪ್ಪು ಮಡಿದುದು 1799ರಲ್ಲಿ. ಲೆಕ್ಕ ಕೂಡುವುದಿಲ್ಲ. ಶುಕ್ರನೀತಿಯಲ್ಲಿ ಲಘುನಾಲಿಕ, ಬೃಹನ್ನಾಲಿಕಗಳ ವರ್ಣನೆಯಿದೆಯೆಂದು ಅದನ್ನು ಪುರಾಣಕಾಲಕ್ಕೆ ಒಯ್ಯುವವರೂ ಉಂಟು. ಆ ಗ್ರಂಥವೇ ಅಷ್ಟು ಪ್ರಾಚೀನವಲ್ಲವೆಂದು ವಿದ್ವಾಂಸರು ವಾದಿಸಿದ್ದಾರೆ.

ಇನ್ನು ಅಳತೆ. ನಮ್ಮ ಕಡೆ ಕೋವಿಯನ್ನು 12 ನಂಬರು, 16 ನಂಬರು ಎನ್ನುವುದಷ್ಟೆ. ಒಂದು ಪೌಂಡು ಸೀಸದಿಂದ ನಳಿಗೆಯ ಬಾಯಿಗೆ ಸರಿಹೋಗುವಂಥ ಹನ್ನೆರಡು ಗುಂಡುಗಳನ್ನು ಎರಕ ಹೊಯ್ದರೆ ಅದು 12 ನಂಬರು. ಆದುದರಿಂದ ನಂಬರು ಹೆಚ್ಚಿದಷ್ಟೂ ಬಾಯಿ ಚಿಕ್ಕದು. ಶಿಷ್ಯನು ಹೇಳುವ 40, 50 ಎಂಬುವು ಅಂಗುಲದ ನೂರನೆಯ ಭಾಗಗಳು. 40 ಎಂದರೆ ಸುಮಾರು 10 ಮಿಲಿಮೀಟರು, 50 ಎಂದರೆ 12.7.

ಇಲ್ಲಿಯೇ ಜನರು ಮೋಸಹೋಗುವುದು. ನಾಲ್ವತ್ತಕ್ಕೂ ಐವತ್ತಕ್ಕೂ ಅಂತರ ಕಾಲು ಪಾಲು ಮಾತ್ರವೆಂದು ಕಣ್ಣು ಹೇಳುತ್ತದೆ. ಆದರೆ ಗೋಲದ ಗಾತ್ರ ವ್ಯಾಸದ ಘನವನ್ನು ಅನುಸರಿಸುವುದೆಂದು ಲೀಲಾವತಿಯನ್ನು ಓದಿದವರಿಗೆ ಹೇಳಬೇಕಾದುದಿಲ್ಲ. 40ರ ನಳಿಗೆಯ ದುಂಡು ಗುಂಡು ಸುಮಾರು 6 ಗ್ರಾಂ ತೂಗಿದರೆ, 50ರದು ಹನ್ನೊಂದೂವರೆ ಗ್ರಾಂ, 54ರದು ಹದಿನಾಲ್ಕೂವರೆ. ಕಾಲು ಪಾಲು ದಪ್ಪವಾದರೆ ತೂಕ ಇಮ್ಮಡಿ! ದುಂಡು ಗುಂಡು ಗಾಳಿಯಲ್ಲಿ ಬೇಗನೆ ವೇಗವನ್ನು ಕಳೆದುಕೊಳ್ಳುವಂಥದು. ಹಗುರವಾದುದಂತೂ ದೂರ ಹೋಗುವಷ್ಟರಲ್ಲಿ ಸೊರಗಿಬಿಡುತ್ತದೆ. ಕೊಲರಾಡೊದ ಕಾನೂನು ಜಿಂಕೆಗೆ 40ನ್ನೂ, ಎಲ್ಕ್ ಎಂಬ ಭಾರಿ ಸಾರಂಗಕ್ಕೆ 50ನ್ನೂ ಕನಿಷ್ಠವೆಂದು ವಿಧಿಸಿದೆ. ಕನಿಷ್ಠವೆಂದರೆ ಯೋಗ್ಯವೆಂದಲ್ಲ. ಮೂವತ್ತೈದು ಅಂಕ ಬಂದವನು ಪಾಸಾದನೆಂದು ಅವನಿಗೆ ಪಾಠ ಬಂದಿದೆಯೆಂದು ನಾನು ಎಂದೂ ನಂಬಿದವನಲ್ಲ.

ಈಗ ಆ ಕಾರಣವನ್ನು ಹೇಳುತ್ತೇನೆ. 1971ರ ಕಾರ್ತಿಕ ಮಾಸ. ನಾನು ಆರು ವರ್ಷದ ಹುಡುಗ. ಶಿಷ್ಯನ ತಾತನವರು ನಮ್ಮ ನೆರೆಮನೆಯವರು. ಕಡಲೇಕಾಯಿಯ ಹೊಲವನ್ನು ಹಂದಿಗಳು ಅಗೆದುಹಾಕುತ್ತಿದ್ದುವು. ಬೆಳೆರಕ್ಷಣೆಗೆಂದು ಲೈಸೆನ್ಸು ಪಡೆದಿದ್ದ ಅದೇ ತುಪಾಕಿಯೊಡನೆ ಅವರು ಅಟ್ಟಣೆಯ ಮೇಲೆ ಕಾದಿದ್ದರು. ಹಟಹಿಡಿದು ನಾನೂ ಹೋಗಿದ್ದೆ. ನಳಿಗೆಯಲ್ಲಿದ್ದುದು ಮೊಲಕ್ಕೆಂದು ತುಂಬಿದ ಸಣ್ಣ ಚರೆ. ಗುಂಡು ತುಂಬಬೇಕಾದರೆ ಮೊದಲಿನ ಈಡನ್ನು ತೆಗೆಯಬೇಕು. ಅಷ್ಟರಲ್ಲಿ ಹಂದಿ ಬಂದೇಬಿಟ್ಟಿತು. ಹೊಡೆದರು. ಹಂದಿ ಬೀಳಲಿಲ್ಲ, ಚೀರುತ್ತ ಬೆಟ್ಟದ ಕಡೆಗೆ ಓಡಿತು. ಬೆಳಗ್ಗೆ ರಕ್ತದ ಜಾಡು ಹಿಡಿದು ಹೋದೆವು. ಬಂಡೆಗಳ ನಡುವೆ ಜಾಡು ತಪ್ಪಿತು. ಐದಾರು ದಿನಗಳ ಮೇಲೆ ದನ ಕಾಯುವವರು ನಾರುವ ಹೆಣವನ್ನು ಕಂಡರು. ಕೋವಿಯ ಬಾಯಿ ದೊಡ್ಡದೇ ಆಗಿದ್ದಿತು; ಆದರೆ ಒಂದೊಂದು ಚರೆಯ ತೂಕವೆಷ್ಟು? ತಾತನವರು ಯಾರೊಡನೆಯೂ ಆ ಮಾತನ್ನಾಡಲಿಲ್ಲ. ಮತ್ತೆ ಕೋವಿ ಹಿಡಿದುದನ್ನೂ ನಾನು ಕಾಣೆ. ಮೊಮ್ಮಗನಿಗೆ ಇದು ತಿಳಿಯದು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಬರೆದೆ.

ಆದುದರಿಂದ ನನ್ನ ಸಲಹೆ 50; ಮುಂದೆ ಎಲ್ಕನ್ನೂ ಬಯಸುವುದಾದರೆ 54. ದುಂಡು ಗುಂಡನ್ನೇ ಹೊಡೆಯುವುದಾದರೆ ನಳಿಗೆಯೊಳಗಿನ ಸುರುಳಿಗೀರು ನಿಧಾನವಾಗಿ ತಿರುಗುವಂಥದಾಗಿರಲಿ. 60-66 ಅಂಗುಲಕ್ಕೆ ಒಂದು ಸುತ್ತು ಸಾಕು. ಉದ್ದ ಗುಂಡಿಗೆ ಬಿಗಿಯಾದ ಸುತ್ತು ಬೇಕು. 48ಕ್ಕೆ ಒಂದು ಎಂಬುದು ಎರಡಕ್ಕೂ ಸಲ್ಲಲಿ ಎಂಬ ರಾಜಿ. ಹೊಸಬನಿಗೆ ಚಕಮಕಿ ಕಲ್ಲಿಗಿಂತ ಕೇಪೇ ವಾಸಿ. ಮದ್ದು ಕರಿಮದ್ದೇ ಆಗಿರಬೇಕು. ಈ ಕಾಲದ ಹೊಗೆಯಿಲ್ಲದ ಮದ್ದನ್ನು ಒಂದು ಚಿಟಿಕೆ ತಪ್ಪಿ ತುಂಬಿದರೂ ನಳಿಗೆ ಸಿಡಿದು ಕೈ ಹೋದೀತು.

ತಾತನ ತುಪಾಕಿಯನ್ನು ತರಿಸಿಕೊಳ್ಳುವ ಮಾತು ಬೇಡ. ಅದು ಅಟ್ಟದ ಮೇಲಿರುವುದೇ ಅಪರಾಧ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಆಯುಧವನ್ನು ತಡಮಾಡದೆ ಪೊಲೀಸು ಠಾಣೆಗೋ ಲೈಸೆನ್ಸು ಪಡೆದ ವ್ಯಾಪಾರಿಗೋ ಒಪ್ಪಿಸಬೇಕೆಂದು 1959ರ ಆಯುಧ ಕಾಯಿದೆ ಹೇಳುತ್ತದೆ. ವಾರಸುದಾರರು ಬೇಕಾದರೆ ತಮ್ಮ ಹೆಸರಿಗೆ ಲೈಸೆನ್ಸು ಬೇಡಿ ಅರ್ಜಿ ಹಾಕಬಹುದು. ಈ ಮಾತು ನಮ್ಮ ವಾಚಕರ ಮನೆಗಳಿಗೂ ಅನ್ವಯಿಸೀತು. ಒಮ್ಮೆ ಅಟ್ಟವನ್ನು ನೋಡಿಕೊಳ್ಳುವುದು ಒಳ್ಳೆಯದು. ಬೇಟೆಯ ವಿನೋದಕ್ಕಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ನಮ್ಮಲ್ಲಿ ಅವಕಾಶವಿಲ್ಲ. ಹಂದಿ ಬೆಳೆ ತಿಂದರೂ ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಹೊಡೆಯಕೂಡದು.

ಶಿಷ್ಯನ ತಾಯಿಯವರಿಗೆ ಇದನ್ನು ಓದಿ ಹೇಳಿದೆ. ಮರುದಿನವೇ ತುಪಾಕಿಯನ್ನು ಠಾಣೆಗೆ ಒಪ್ಪಿಸಿ ರಸೀತಿ ತಂದರು. ಮದ್ದು ಗಟ್ಟಿಸುವ ಗಜದ ಕಡ್ಡಿ ಮಾತ್ರ ಅಟ್ಟದಲ್ಲಿಯೇ ಉಳಿದಿದ್ದಿತಂತೆ. ಅದನ್ನೂ ಕಳುಹಿಸಬೇಕೆ ಎಂದು ಕೇಳಿದರು. ಕಳುಹಿಸಿರಿ ಎಂದೆ.