ಕೋವಿ ಒದೆಯದೆ ಮುತ್ತಿಡುತ್ತಾ?

ಮೊನ್ನೆ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಹದಿನೆಂಟು ಹತ್ತೊಂಬತ್ತರ ಹುಡುಗಿ, ಎಲ್ಲಿಯವಳೋ ಗೊತ್ತಿಲ್ಲ. ಕೈಗೆ ದೊಡ್ಡ ರೈಫಲ್ ಕೊಟ್ಟಿದಾರೆ. ಸುತ್ತ ನಿಂತವರು ಮೊದಲೇ ನಗೋಕೆ ರೆಡಿ. ಢಂ! ಹುಡುಗಿ ತೂರಾಡಿ ಕೆಸರಲ್ಲಿ ಕೂತಳು. ರೈಫಲ್ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಕೆಳಗೆ ಹಲ್ಲು ಕಿರಿಯೋ ಹಳದಿ ಮುಖಗಳ ಸಾಲು. "ಇದರಲ್ಲಿ ನಗೋದೇನಿದೆ?" ಅಂತ ಬರೆದೆ. ಮಾವನಿಂದ ತಕ್ಷಣ ಉತ್ತರ: "ಕೋವಿ ಒದೆಯದೆ ಮುತ್ತಿಡುತ್ತಾ?"

ಹಿರಿಯರು, ಅಲ್ಲಿ ಎದುರು ಮಾತಾಡೋ ಹಾಗಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ನಾನು ಕೊಡಗಿನವಳು. ಕೈಲ್ ಪೋದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡೋ ಮನೆಯವಳು. ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಸಾವಾದರೆ ಎರಡು. (ಹೆಣ್ಣುಮಗುವಿಗೆ ಯಾಕಿಲ್ಲ ಅನ್ನೋ ಜಗಳ ಇನ್ನೊಂದು ದಿನ ಆಡೋಣ.) ನಮಗಿರೋ ಕೋವಿ ಲೈಸೆನ್ಸ್ ವಿನಾಯಿತಿಯನ್ನ 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿಹಿಡಿಯಿತು. ಕೋರ್ಟಿನಲ್ಲಿ ಪರಂಪರೆ ಅಂತೀವಿ. ಮನೆಗೆ ಬಂದರೆ, ಮೊದಲ ಸಲ ಹೊಡೆಯೋರ ಭುಜ ನೀಲಿ ಮಾಡಿ ನಗೋದೇ ಪರಂಪರೆ!

ನನ್ನ ಭುಜವೂ ನೀಲಿಯಾಗಿತ್ತು. ಆಗ ನನಗೆ ಇಪ್ಪತ್ತೆರಡು. ಅಜ್ಜನ ಕಾಲದ .30-06 ಬೇಟೆ ರೈಫಲ್. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದು ಬೇಟೆ ಕಂಡಿಲ್ಲ, ಹಬ್ಬದಲ್ಲಿ ಹೊರಗೆ ಬರುತ್ತೆ ಅಷ್ಟೆ. ಹಿಂದೆ ಕಬ್ಬಿಣದ ಪಟ್ಟಿ, ರಬ್ಬರಿಲ್ಲ. ಅಜ್ಜ ಆರಡಿ ಆಳು, ನಾನು ಐದೂಕಾಲು. ಬಟ್ಟು ನನ್ನ ಕೈಗೆ ಉದ್ದ. ಟ್ರಿಗರ್ ಎಟುಕಿಸಿಕೊಳ್ಳೋ ಹೊತ್ತಿಗೆ ಬಟ್ಟು ಜಾರಿ ತೋಳಿನ ಕೀಲಿನ ಮೇಲೆ ಕೂತಿತ್ತು. ಭಾರಕ್ಕೆ ಸೊಂಟ ಹಿಂದಕ್ಕೆ ಬಾಗಿತ್ತು. ಅಷ್ಟೂ ಜನ ನೋಡ್ತಿದ್ದರು, ಒಬ್ಬರೂ ಸರಿಮಾಡಲಿಲ್ಲ. ಕಿವಿಗೆ ಹತ್ತಿಯೂ ಇಲ್ಲ. ಒಂದು ವಾರ ಜಡೆ ಹಾಕಿಕೊಳ್ಳೋಕೆ ಕೈ ಎತ್ತೋಕಾಗ್ಲಿಲ್ಲ. ಆಮೇಲೆ ಹದಿನೈದು ವರ್ಷ ಕೋವಿ ಮುಟ್ಟಲಿಲ್ಲ.

ಮಾವನ ಮಾತಿನಲ್ಲಿ ಅರ್ಧ ನಿಜ ಇದೆ. ಒದೆತ ಇಲ್ಲದ ಕೋವಿ ಇಲ್ಲ, ಹೈಸ್ಕೂಲಿನಲ್ಲಿ ಉರು ಹೊಡೆದ ನ್ಯೂಟನ್ ಇಲ್ಲೂ ಇದಾನೆ. ಆದರೆ ಎಷ್ಟು ಒದೆತ? ಲೆಕ್ಕ ಹಾಕಿ ನೋಡಿ. .30-06ರ ಸುಮಾರು 9.7 ಗ್ರಾಂ ಗುಂಡು ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಹೊರಡುತ್ತೆ, ಜೊತೆಗೆ ಮದ್ದಿನ ಅನಿಲ. 3.6 ಕೆಜಿಯ ರೈಫಲ್ ಆದರೆ ಭುಜಕ್ಕೆ ಬರೋದು ಸುಮಾರು 20 ಜೌಲ್. ಅದನ್ನೇ 4.5 ಕೆಜಿ ಮಾಡಿ, ಐದರಲ್ಲೊಂದು ಪಾಲು ಕಮ್ಮಿ. .22 ರೈಫಲ್ ಆದರೆ ಒಂದು ಜೌಲೂ ಇಲ್ಲ, ನೂರಕ್ಕೂ ಹೆಚ್ಚು ಪಟ್ಟು ಕಮ್ಮಿ. ನಮ್ಮೂರಿನ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗಳಲ್ಲಿ .22 ಇದ್ದೇ ಇರುತ್ತೆ. ಹೊಸಬರ ಕೈಗೆ ಅದನ್ನ ಕೊಡೋ ಬದಲು ದೊಡ್ಡದನ್ನೇ ಯಾಕೆ ಕೊಡ್ತೀರಿ? ನಗೋಕೆ. ಬೇರೆ ಕಾರಣ ಇದ್ದರೆ ಹೇಳಿ.

ನನಗೆ ಕಲಿಸಿದ್ದು ಸೈನ್ಯದಿಂದ ನಿವೃತ್ತರಾದ ನಮ್ಮ ಬಾವ. ಮೊದಲ ದಿನ ತೋಟೆಯನ್ನೇ ಕೊಡಲಿಲ್ಲ. ಖಾಲಿ ರೈಫಲ್, ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡದ್ದು. ಕೊರಳೆಲುಬಿನ ಕೆಳಗೆ, ತೋಳಿನ ಕೀಲಿಗಿಂತ ಒಳಗೆ ಒಂದು ತಗ್ಗಿದೆ, ಬೆರಳಿಟ್ಟು ಹುಡುಕು ಅಂದರು. ಬಟ್ಟು ಅಲ್ಲೇ ಕೂರಬೇಕು. ಮೆಲ್ಲಗೆ ಇಟ್ಟರೆ ಸಾಲದು, ಗಟ್ಟಿಯಾಗಿ ಒಳಕ್ಕೆ ಎಳೆದುಕೋ; ನಡುವೆ ಜಾಗ ಬಿಟ್ಟರೆ ಅದು ಓಡಿ ಬಂದು ಗುದ್ದುತ್ತೆ. ಎಡಗಾಲು ಮುಂದೆ, ಮೈಭಾರ ಮುಂದೆ, ಕೆನ್ನೆ ಮರಕ್ಕೆ ಒತ್ತಿರಲಿ. ಹಾಗಂತ ಮರದ ಬೊಂಬೆ ಥರ ಬಿಗಿಯಾಗಬೇಡ, ಒದ್ದಾಗ ಮೈ ಅದರ ಜೊತೆ ಸ್ವಲ್ಪ ಹಿಂದೆ ಹೋಗಲಿ. ಹೊಸಬರನ್ನ ಮೇಜಿಗೆ ಕೂರಿಸಿ ಹೊಡೆಸಿದರೆ ಸುಲಭ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ. ಉಲ್ಟಾ! ಕೂತವರ ಮೈ ಹಿಂದಕ್ಕೆ ಹೋಗೋಕೆ ಜಾಗ ಇಲ್ಲ, ಪೂರ್ತಿ ಪೆಟ್ಟು ಭುಜಕ್ಕೇ. ಇನ್ನು ಸ್ಕೋಪ್ ಇರೋ ರೈಫಲ್ ಆದರೆ ಕಣ್ಣು ಮೂರು ಇಂಚಾದ್ರೂ ದೂರ ಇರಲಿ, ಇಲ್ಲದಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರ. ಕಿವಿಗೆ ಬೆಣೆ, ಅದರ ಮೇಲೆ ಮುಚ್ಚಳ. ಜನ ಹೆದರೋದು ಒದೆತಕ್ಕೆ ಎಷ್ಟೋ ಸದ್ದಿಗೂ ಅಷ್ಟೇ. ದೊಡ್ಡ ರೈಫಲ್ಲಿನಲ್ಲಿ ಮೊದಲ ದಿನ ಐದೇ ತೋಟೆ, ಒಂದೊಂದಾಗಿ. ಮ್ಯಾಗಜೀನು ತುಂಬಿ ಹೊಸಬರ ಕೈಗೆ ಕೊಡೋರಿಗೆ ಏನನ್ನಬೇಕೋ ಗೊತ್ತಾಗಲ್ಲ. ತೂರಾಡುವಾಗ ನಳಿಗೆ ಯಾರ ಕಡೆ ತಿರುಗುತ್ತೆ ಸ್ವಾಮೀ? ಆ ವಿಡಿಯೋ ಮತ್ತೆ ನೋಡಿ, ನಗ್ತಿರೋರ ಕಡೆಗೇ ತಿರುಗಿತ್ತು.

"ಗುರಿ ತಪ್ಪೋದು ಒದೆತದಿಂದ" ಅಂತ ನಮ್ಮೂರಲ್ಲಿ ಹೇಳೋದಿದೆ. ಅದೂ ಪೂರ್ತಿ ಸರಿಯಲ್ಲ. ಗುಂಡು ನಳಿಗೆ ದಾಟೋಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ರೈಫಲ್ ಹಿಂದೆ ಬಂದಿರೋದು ಎರಡು ಮಿಲಿಮೀಟರ್. ಭುಜಕ್ಕೆ ಪೆಟ್ಟು ಗೊತ್ತಾಗೋ ಹೊತ್ತಿಗೆ ಗುಂಡು ಹೋಗಿ ಆಗಿದೆ. ಹೆಚ್ಚಾಗಿ ಗುರಿ ಕೆಡಿಸೋದು ಅದಕ್ಕೂ ಮುಂಚೆ ಬರೋ ಬೆಚ್ಚು. ಕಣ್ಣು ಮುಚ್ಚಿ, ಭುಜ ಮುಂದೆ ತಳ್ಳಿ, ಟ್ರಿಗರ್ ಜಗ್ಗೋದು. ಆ ಬೆಚ್ಚನ್ನ ಮೈಗೆ ಕಲಿಸೋದೇ ಮೊದಲ ದಿನದ ಆ ತಮಾಷೆ. ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ ಓದಿದವರಿಗೆ ನೆನಪಿರಬಹುದು, ನರಭಕ್ಷಕಗಳಲ್ಲಿ ಕೆಲವು ಯಾರದೋ ಸರಿಯಾಗಿ ಬೀಳದ ಗುಂಡಿನಿಂದ ಕುಂಟಾದವು. ಆಂಡರ್ಸನ್ನರ .405 ವಿಂಚೆಸ್ಟರಿನ ಗುಂಡೇ ಸುಮಾರು 19 ಗ್ರಾಂ! ಅದರ ಒದೆತ ನಮ್ಮಜ್ಜನ ರೈಫಲ್ಲಿನ ಎರಡು ಪಟ್ಟು. ಅದನ್ನ ಹೊಡೆದು ಕಾಡಲ್ಲಿ ಬದುಕಿದ ಮನುಷ್ಯ ಬೆಚ್ಚನ್ನ ಹದ್ದುಬಸ್ತಿನಲ್ಲಿ ಇಟ್ಟಿದ್ದಿರಬೇಕು.

ಬೆಚ್ಚು ಹಿಡಿಯೋಕೆ ಬಾವನ ಹತ್ತಿರ ಒಂದು ಉಪಾಯ ಇದೆ. ಹೊಡೆಯೋರಿಗೆ ಕಾಣದ ಹಾಗೆ ಒಮ್ಮೆ ನಿಜವಾದ ತೋಟೆ, ಒಮ್ಮೆ ಮದ್ದಿಲ್ಲದ ಡಮ್ಮಿ ತುಂಬಿ ಕೊಡೋದು. ಡಮ್ಮಿ ಬಂದಾಗ ಬರೀ ಟಿಕ್ ಅನ್ನುತ್ತೆ. ಆಗ ನಳಿಗೆ ಅಲ್ಲಾಡದಿದ್ದರೆ ಸರಿ. ತಲೆ ಬಗ್ಗಿಸಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ನನ್ನ ನಳಿಗೆ ಮೊದಮೊದಲು ಗೇಣುದ್ದ ಬಗ್ಗುತ್ತಿತ್ತು.

ಕಳೆದ ಹಬ್ಬದಲ್ಲಿ ಅಕ್ಕನ ಮಗಳಿಗೆ ಹದಿನೆಂಟು ತುಂಬಿತ್ತು. ಮಾವ ಅಜ್ಜನ ರೈಫಲ್ ತಗೊಂಡು ಬಂದರು, ಮುಖದಲ್ಲಿ ಅದೇ ನಗು. ನಾನು ಅಡ್ಡ ನಿಂತೆ. ಅವಳಿಗೆ .22 ಸಾಕು, ದೊಡ್ಡದಕ್ಕೆ ರಬ್ಬರ್ ಪ್ಯಾಡ್ ಹಾಕಿಸಿ ಮುಂದಿನ ವರ್ಷ ನೋಡೋಣ ಅಂದೆ. "ರಬ್ಬರ್ ಬೇಕಂತೆ! ನಾವೆಲ್ಲ ಏನು ಹತ್ತಿ ಕಟ್ಟಿಕೊಂಡು ಹೊಡೆದವರಾ?" ಅಂದರು. ಬಾವ ಮೆತ್ತಗೆ, "ನೀವೇ ಒಮ್ಮೆ ತೋರಿಸಿ ಮಾವ, ಹುಡುಗಿ ನೋಡಿ ಕಲೀಲಿ" ಅಂತ ತೋಟೆ ತುಂಬಿ ಕೊಟ್ಟರು.

ಮಾವ ದರೆಗೆ ಗುರಿ ಇಟ್ಟರು. ಟಿಕ್.

ನಳಿಗೆ ಮೊಳದುದ್ದ ಕೆಳಗೆ ಹೋಯಿತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಯಾರೂ ಮಾತಾಡಲಿಲ್ಲ. ಅಕ್ಕನ ಮಗಳು ಮಾತ್ರ ಕಿಸಕ್ ಅಂದಳು. ಮಾವ ರೈಫಲ್ ಇಳಿಸಿ, ತೋಟೆ ತೆಗೆದು, ತಿರುಗಿಸಿ ತಿರುಗಿಸಿ ನೋಡಿ ಹೇಳಿದರು: "ಮಳೆಗಾಲ ನೋಡು, ಚಂಡಿಯಾಗಿದೆ."